ಕಾಲೇಜಿಗೆ ಮತ್ತೆ ಚುನಾವಣೆ: ಗೆದ್ದವರ ಕೈಗೆ ಏನು ಸಿಗುತ್ತೆ?

ಕಾಲೇಜುಗಳಲ್ಲಿ ಮತ್ತೆ ವಿದ್ಯಾರ್ಥಿ ಸಂಘದ ಚುನಾವಣೆ ನಡೆಸುವ ಮಾತನ್ನು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ 2025ರ ನವೆಂಬರ್‌ನಲ್ಲಿ ಎತ್ತಿದರು. ಸಾಧಕ ಬಾಧಕ ನೋಡಲು ಒಂದು ಸಮಿತಿಯೂ ಆಯಿತು. ಅಲ್ಲಿಂದ ಈಚೆಗೆ ಸುದ್ದಿ ಬಾಯಿಂದ ಬಾಯಿಗೆ ಹೋಗಿ ರೂಪ ಬದಲಿಸಿದೆ. ಮುಂದಿನ ಸೆಮಿಸ್ಟರ್‌ಗೇ ಎಲೆಕ್ಷನ್ ಅಂತೆ ಎನ್ನುವವರಿದ್ದಾರೆ. ಸರ್ಕಾರಿ ಕಾಲೇಜಿಗೆ ಮಾತ್ರವಂತೆ ಎನ್ನುವವರಿದ್ದಾರೆ. ಮಗಳನ್ನು ಪಾಂಡವಪುರದಿಂದ ಮೈಸೂರಿಗೆ ಬಸ್ ಹತ್ತಿಸುವ ತಂದೆಗೆ ಇರುವ ಪ್ರಶ್ನೆಯೇ ಬೇರೆ: ಗಲಾಟೆ ಆದರೆ ಯಾರು ಹೊಣೆ?

ಮೊದಲು ಒಂದು ಗೊಂದಲ ಬಿಡಿಸೋಣ. ಸಮಿತಿ ಎಂದರೆ ಆದೇಶವಲ್ಲ. ಸಮಿತಿ ವರದಿ ಕೊಡಬೇಕು, ಸರ್ಕಾರ ಒಪ್ಪಬೇಕು, ನಿಯಮ ಬರೆಯಬೇಕು, ವಿಶ್ವವಿದ್ಯಾಲಯಗಳು ಸುತ್ತೋಲೆ ಹೊರಡಿಸಬೇಕು. ಇದರಲ್ಲಿ ಎಲ್ಲಿ ಬೇಕಾದರೂ ವಿಷಯ ನಿಂತುಹೋಗಬಹುದು. ಆದರೆ ಚರ್ಚೆ ಮಾತ್ರ ಈಗಾಗಲೇ ತಪ್ಪು ದಾರಿ ಹಿಡಿದಿದೆ. ಎಲ್ಲರೂ 'ಕ್ಯಾಂಪಸ್‌ಗೆ ರಾಜಕೀಯ ಬೇಕಾ, ಬೇಡವಾ' ಎಂದು ಕೇಳುತ್ತಿದ್ದಾರೆ. ಗೆದ್ದವರಿಗೆ ಯಾವ ಅಧಿಕಾರ ಸಿಗುತ್ತದೆ ಎಂದು ಕೇಳುವವರು ಕಡಿಮೆ.

ಈಗ ಇರುವುದು ಸಿಆರ್ (ತರಗತಿ ಪ್ರತಿನಿಧಿ) ಮಾತ್ರ

ಈಗಿನ ವ್ಯವಸ್ಥೆ ಏನು ಎಂದು ನೋಡಿದರೆ ಪ್ರಶ್ನೆ ಅರ್ಥವಾಗುತ್ತದೆ. ಸೆಮಿಸ್ಟರ್ ಶುರುವಾದ ಮೊದಲ ಅಥವಾ ಎರಡನೇ ವಾರ ಮೇಷ್ಟ್ರು ತರಗತಿಯತ್ತ ನೋಡಿ, "ಸಿಆರ್ ಯಾರು ಆಗ್ತೀರಾ?" ಎನ್ನುತ್ತಾರೆ. ಎಲ್ಲರೂ ತಲೆ ತಗ್ಗಿಸುತ್ತಾರೆ. ಕೊನೆಗೆ ಮೊದಲ ಬೆಂಚಿನ ಒಬ್ಬ ಹುಡುಗಿ, ಸ್ವಲ್ಪ ಮಾತು ಬರುವ ಒಬ್ಬ ಹುಡುಗ. ಮುಗಿಯಿತು. ಎಷ್ಟೋ ಕಾಲೇಜುಗಳಲ್ಲಿ ಪ್ರಜಾಪ್ರಭುತ್ವ ಇಷ್ಟೇ.

ಸಿಆರ್ ಮಾಡುವ ಕೆಲಸವೂ ಎಲ್ಲರಿಗೆ ಗೊತ್ತಿರುವುದೇ. ವಾಟ್ಸಾಪ್ ಗ್ರೂಪ್ ಮಾಡಬೇಕು. ಐಎ (ಆಂತರಿಕ ಪರೀಕ್ಷೆ) ಯಾವಾಗ ಎಂದು ಕೇಳಿ ಹೇಳಬೇಕು. ನೋಟ್ಸನ್ನು ಜೆರಾಕ್ಸ್ ಅಂಗಡಿಗೆ ಮುಟ್ಟಿಸಬೇಕು. ಎಥ್ನಿಕ್ ಡೇಗೂ ಆಯುಧಪೂಜೆಗೂ ದುಡ್ಡು ಎತ್ತಬೇಕು. ಮೇಷ್ಟ್ರು ಬರದಿದ್ದರೆ ಸ್ಟಾಫ್ ರೂಮಿಗೆ ಹೋಗಿ ಇಣುಕಬೇಕು. ಅಂದರೆ ಸಿಆರ್ ಪ್ರತಿನಿಧಿಯಲ್ಲ, ಸುದ್ದಿ ಸಾಗಿಸುವವರು. ಮೇಲಿನ ಮಾತು ಕೆಳಗೆ ಸುಲಭವಾಗಿ ಬರುತ್ತದೆ. ಕೆಳಗಿನ ಮಾತು ಮೇಲೆ ಹೋಗುವುದು ಅಪರೂಪ.

ಕಾಲೇಜು ಮಟ್ಟದ ಸಾಂಸ್ಕೃತಿಕ ಕಾರ್ಯದರ್ಶಿ, ಕ್ರೀಡಾ ಕಾರ್ಯದರ್ಶಿ ಹುದ್ದೆಗಳೂ ಹೆಚ್ಚಾಗಿ ನೇಮಕದವೇ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆವರಣದ ಬಯಲು ರಂಗಮಂದಿರದಲ್ಲಿ ದಸರಾಕ್ಕೆ ಮುಂಚೆ ಕಾಲೇಜು ತಂಡಗಳ ಯುವ ಸಂಭ್ರಮ ನಡೆಯುತ್ತದಲ್ಲ, ಅದಕ್ಕೆ ತಂಡ ಕಟ್ಟುವುದರಲ್ಲಿ ಇವರ ಹುರುಪು ಕಾಣುತ್ತದೆ. ಶುಲ್ಕ, ಪರೀಕ್ಷೆ, ಹಾಸ್ಟೆಲ್ ಊಟದ ವಿಷಯ ಬಂದಾಗ ಇವರಿಗೆ ಕುರ್ಚಿ ಇಲ್ಲ.

ಕುಂದುಕೊರತೆಗೆ ದಾರಿಯೇ ಇಲ್ಲ ಎಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ತಂದ ನಿಯಮದ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಬೇಕು. ಅಲ್ಲಿ ಬಗೆಹರಿಯದ ದೂರು ಕೇಳಲು ವಿಶ್ವವಿದ್ಯಾಲಯಕ್ಕೆ ಒಬ್ಬ ಓಂಬುಡ್ಸ್‌ಪರ್ಸನ್ ಇರಬೇಕು. ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿಗೂ ಜಾಗ ಉಂಟು, ಆದರೆ ವಿಶೇಷ ಆಹ್ವಾನಿತರಾಗಿ. ಆರಿಸುವುದು ಓದು, ಆಟ ಅಥವಾ ಇತರ ಚಟುವಟಿಕೆಯಲ್ಲಿನ ಸಾಧನೆ ನೋಡಿ. ಚೆನ್ನಾಗಿ ಓದುವವರು ಬಸ್ ಪಾಸಿನ ತಾಪತ್ರಯವನ್ನೂ ಚೆನ್ನಾಗಿ ಹೇಳುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ ಇರಬೇಕು.

1989ರಲ್ಲಿ ಕೊಟ್ಟಿದ್ದು, ಕಿತ್ತುಕೊಂಡಿದ್ದು

ಕರ್ನಾಟಕದಲ್ಲಿ ಮೊದಲು ವಿದ್ಯಾರ್ಥಿ ಸಂಘಗಳಿಗೆ ಚುನಾವಣೆ ನಡೆಯುತ್ತಿತ್ತು. ಹೊಡೆದಾಟ, ಪಕ್ಷಗಳ ಕೈವಾಡ, ಜಾತಿ ಗುಂಪುಗಾರಿಕೆ ಜಾಸ್ತಿಯಾಯಿತು ಎಂಬ ಕಾರಣಕ್ಕೆ 1989ರ ಹೊತ್ತಿಗೆ ನಿಲ್ಲಿಸಲಾಯಿತು. ಈಗ ಐವತ್ತು ದಾಟಿದವರು ಕಾಲೇಜು ಗೋಡೆಗಳ ಮೇಲಿನ ಸುಣ್ಣದ ಬರಹ, ಮೆರವಣಿಗೆ, ಸೋತವರ ಸಿಟ್ಟು ಎಲ್ಲವನ್ನೂ ನೆನೆಯುವುದು ಆ ಕಾಲದಿಂದ.

ಇಲ್ಲೊಂದು ವಿಚಿತ್ರ ಕಾಕತಾಳೀಯ ಇದೆ. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದು ಜಾರಿಗೆ ಬಂದದ್ದು 1989ರ ಮಾರ್ಚ್‌ನಲ್ಲಿ. ಅಂದರೆ ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ 18 ವರ್ಷದವರಿಗೆ ಪ್ರಧಾನಿಯನ್ನು ಆರಿಸಲು ಓಟು ಸಿಕ್ಕಿತು, ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವ ಓಟು ಹೋಯಿತು.

ಆ ಕಾಲಕ್ಕೂ ಈಗಿಗೂ ಇನ್ನೊಂದು ವ್ಯತ್ಯಾಸ ಇದೆ. ಆಗ ಪದವಿಗೆ ಹೆಚ್ಚಾಗಿ ವಾರ್ಷಿಕ ಪರೀಕ್ಷೆ. ಜೂನ್, ಜುಲೈನಲ್ಲಿ ಸೇರಿದರೆ ಓದಿನ ಬಿಸಿ ತಟ್ಟುತ್ತಿದ್ದುದು ಸಂಕ್ರಾಂತಿ ಕಳೆದ ಮೇಲೆ. ಸಂಘ, ನಾಟಕ, ಚುನಾವಣೆ ಎಲ್ಲಕ್ಕೂ ಬಿಡುವಿತ್ತು. ಈಗಿನ ಸೆಮಿಸ್ಟರ್ ಸುಮಾರು 16 ವಾರ. ಅದರಲ್ಲಿ ಎರಡು ಐಎ, ಅಸೈನ್‌ಮೆಂಟ್, ಪ್ರಾಕ್ಟಿಕಲ್, ದಸರಾ ರಜೆ.

ಲಿಂಗ್ಡೊ ಸಮಿತಿ ಹೇಳಿದ್ದೇನು?

ಈ ವಿಷಯದಲ್ಲಿ ದೇಶಕ್ಕೆಲ್ಲ ಒಂದು ಚೌಕಟ್ಟು ಈಗಾಗಲೇ ಇದೆ. ಸುಪ್ರೀಂ ಕೋರ್ಟಿನ ಸೂಚನೆಯಂತೆ ಕೇಂದ್ರ ಸರ್ಕಾರ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ನೇತೃತ್ವದಲ್ಲಿ ಸಮಿತಿ ಮಾಡಿತು. 2006ರಲ್ಲಿ ವರದಿ ಬಂತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಾರಿ ಮಾಡಿ ಎಂದು ಕೋರ್ಟ್ ಹೇಳಿತು.

ವರದಿಯ ಮುಖ್ಯ ಮಾತುಗಳು ಹೀಗಿವೆ. ಪದವಿ ವಿದ್ಯಾರ್ಥಿಯಾದರೆ ವಯಸ್ಸು 17ರಿಂದ 22ರ ಒಳಗಿರಬೇಕು, ಸಂಶೋಧನಾ ವಿದ್ಯಾರ್ಥಿಗೆ 28ರವರೆಗೆ ಅವಕಾಶ. ಕನಿಷ್ಠ ಶೇ 75 ಹಾಜರಾತಿ ಬೇಕು. ಆ ವರ್ಷ ಬಾಕಿ ಉಳಿಸಿಕೊಂಡ ವಿಷಯ ಇರಬಾರದು, ಕ್ರಿಮಿನಲ್ ದಾಖಲೆ ಇರಬಾರದು. ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಮ್ಮೆ ಮಾತ್ರ ನಿಲ್ಲಬಹುದು. ಖರ್ಚಿನ ಮಿತಿ ಒಬ್ಬ ಅಭ್ಯರ್ಥಿಗೆ 5,000 ರೂಪಾಯಿ. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ, ಅದೂ ಗೊತ್ತುಮಾಡಿದ ಜಾಗದಲ್ಲಿ. ಮೈಕ್ ಇಲ್ಲ, ವಾಹನ ಇಲ್ಲ. ಪಕ್ಷದ ದುಡ್ಡು ಮುಟ್ಟುವಂತಿಲ್ಲ. ತರಗತಿ ಶುರುವಾದ 6ರಿಂದ 8 ವಾರದೊಳಗೆ ಚುನಾವಣೆ ಆಗಬೇಕು, ನಾಮಪತ್ರದಿಂದ ಫಲಿತಾಂಶದವರೆಗೆ 10 ದಿನದಲ್ಲಿ ಮುಗಿಯಬೇಕು.

ಅದೇ ವರದಿಯಲ್ಲಿ ಜನ ಅಷ್ಟಾಗಿ ಗಮನಿಸದ ಇನ್ನೊಂದು ಮಾತಿದೆ. ವಾತಾವರಣ ಸರಿಯಿಲ್ಲದ ಕಡೆ ಸದ್ಯಕ್ಕೆ ನೇಮಕ ಪದ್ಧತಿ ಇಟ್ಟುಕೊಳ್ಳಬಹುದು, ಆದರೆ 5 ವರ್ಷದೊಳಗೆ ಚುನಾವಣೆಗೆ ಹೊರಳಬೇಕು ಎಂದು ಅದು ಹೇಳಿತ್ತು. 2006ಕ್ಕೆ 5 ಸೇರಿಸಿದರೆ 2011. ಹಾಗಾಗಿ ಸರ್ಕಾರ ಏನೋ ಹೊಸದನ್ನು ದಯಪಾಲಿಸುತ್ತಿದೆ ಎಂದು ಹೇಳುವವರು ಸ್ವಲ್ಪ ಕ್ಯಾಲೆಂಡರ್ ನೋಡುವುದು ಒಳ್ಳೆಯದು. ಇದು ಬಾಕಿ ಕೆಲಸ. ನಡುವೆ ಬಂದುಹೋದ ಎಲ್ಲ ಪಕ್ಷದ ಸರ್ಕಾರಗಳೂ ಬಾಕಿ ಇಟ್ಟವು.

ಬೇಕು ಎನ್ನುವವರು, ಬೇಡ ಎನ್ನುವವರು

ಬೇಕು ಎನ್ನುವವರ ವಾದ ಸರಳ. ಕಾಲೇಜಿನಿಂದ ನಾಯಕರು ಬರದಿದ್ದರೆ ಬರುವುದು ಎರಡೇ ಬಾಗಿಲಿಂದ: ಅಪ್ಪನ ಮನೆಯಿಂದ, ಇಲ್ಲವೇ ಗುತ್ತಿಗೆ ದುಡ್ಡಿನಿಂದ. ದುಡ್ಡಿಲ್ಲದ, ಹೆಸರಿಲ್ಲದ ಮನೆಯ ಹುಡುಗನಿಗೋ ಹುಡುಗಿಗೋ ರಾಜಕೀಯಕ್ಕೆ ಇದ್ದ ಅಗ್ಗದ ಮೆಟ್ಟಿಲು ವಿದ್ಯಾರ್ಥಿ ಸಂಘ. ಬಣ್ಣ ಬೇರೆಯಾದರೂ ಹಲವು ವಿದ್ಯಾರ್ಥಿ ಸಂಘಟನೆಗಳು ಈ ಒಂದು ವಿಷಯದಲ್ಲಿ ಒಂದೇ ಮಾತು ಹೇಳುತ್ತವೆ.

ಬೇಡ ಎನ್ನುವವರನ್ನು ಹೆದರುಪುಕ್ಕಲರು ಎಂದು ತಳ್ಳಿಹಾಕುವಂತಿಲ್ಲ. ಹಳ್ಳಿಯ ಹಾಲಿನ ಡೇರಿ ಎಲೆಕ್ಷನ್‌ಗೇ ಊರು ಎರಡು ಹೋಳಾಗುವುದನ್ನು ಮಂಡ್ಯದ ಜನ ಕಣ್ಣಾರೆ ನೋಡಿದ್ದಾರೆ. ಅದೇ ಲೆಕ್ಕ ತರಗತಿಯೊಳಗೆ ಬಂದರೆ? ಯಾವ ಹಾಸ್ಟೆಲ್, ಯಾವ ಜಾತಿ, ಯಾವ ತಾಲ್ಲೂಕು ಎಂದು ಓಟು ಎಣಿಸಿದರೆ? ಒಂದೇ ಬೆಂಚಿನಲ್ಲಿ ಟಿಫನ್ ಬಾಕ್ಸ್ ಹಂಚಿಕೊಳ್ಳುವವರ ನಡುವೆ ಅದು ಗೆರೆ ಎಳೆಯುತ್ತದೆ ಎಂಬ ಭಯ ಸುಮ್ನೆ ಬಂದದ್ದಲ್ಲ. ಇನ್ನು 5,000 ರೂಪಾಯಿ ಮಿತಿ. ಆ ದುಡ್ಡಿಗೆ ಮಂಡ್ಯದಲ್ಲಿ ಒಂದು ಬಾಡೂಟವೂ ಏಳುವುದಿಲ್ಲ. ಖರ್ಚು ಮಾಡುವವರು ಲೆಕ್ಕದ ಹೊರಗೆ ಮಾಡುತ್ತಾರೆ.

ದೆಹಲಿಯಲ್ಲಿ ಆದದ್ದು ಇದೇ. ಲಿಂಗ್ಡೊ ನಿಯಮ ಜಾರಿಯಲ್ಲಿದ್ದರೂ 2024ರ ಸೆಪ್ಟೆಂಬರ್‌ನ ದೆಹಲಿ ವಿಶ್ವವಿದ್ಯಾಲಯದ ಚುನಾವಣೆಯಲ್ಲಿ ಊರೆಲ್ಲ ಪೋಸ್ಟರ್ ತುಂಬಿತು. ಅದನ್ನು ಸ್ವಚ್ಛ ಮಾಡುವವರೆಗೆ ಎಣಿಕೆ ಬೇಡ ಎಂದು ಹೈಕೋರ್ಟ್ ತಡೆಯಿತು. ಫಲಿತಾಂಶ ಬಂದದ್ದು ನವೆಂಬರ್ ಕೊನೆಯಲ್ಲಿ. ಜೆಎನ್‌ಯುದಲ್ಲಿ ನಿಯಮ ಪಾಲಿಸಿಲ್ಲ ಎಂದು 2008ರಲ್ಲಿ ನಿಂತ ಚುನಾವಣೆ ಮತ್ತೆ ನಡೆದದ್ದು 2012ರಲ್ಲಿ. ರಾಜಸ್ಥಾನ 2023ರಲ್ಲಿ ಆ ವರ್ಷದ ಚುನಾವಣೆಯನ್ನೇ ಕೈಬಿಟ್ಟಿತು. ಮಹಾರಾಷ್ಟ್ರ 2016ರ ಕಾಯ್ದೆಯಲ್ಲಿ ಅವಕಾಶ ಬರೆದುಕೊಂಡಿತು, ಆಮೇಲೆ ವರ್ಷಗಟ್ಟಲೆ ನಡೆಸಲಿಲ್ಲ.

ರಾಜಕೀಯ ಗೇಟಿನ ಹೊರಗಿದೆಯಾ?

ಬೇಡ ಎನ್ನುವವರ ವಾದದ ಒಂದು ಬುನಾದಿ ಮಾತ್ರ ಅಲುಗಾಡುತ್ತದೆ. ಈಗ ಕ್ಯಾಂಪಸ್‌ನಲ್ಲಿ ರಾಜಕೀಯ ಇಲ್ಲ, ಚುನಾವಣೆ ಬಂದರೆ ಬರುತ್ತದೆ ಎಂಬ ನಂಬಿಕೆ ಅದು.

ಮೈಸೂರಿನ ಜೆಎಲ್‌ಬಿ ರಸ್ತೆಯ ರಾಮಸ್ವಾಮಿ ವೃತ್ತದಲ್ಲಿ ದಿನಾ ಸಾವಿರಾರು ವಿದ್ಯಾರ್ಥಿಗಳು ಓಡಾಡುತ್ತಾರೆ. ಆ ರಾಮಸ್ವಾಮಿ ಒಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರ್‌ನಲ್ಲಿ, ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದವರು. 1973ರಲ್ಲಿ ದಲಿತ ನಾಯಕ, ಸಚಿವ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು 'ಬೂಸಾ' ಎಂದ ಮಾತು ಎಬ್ಬಿಸಿದ ಗಲಭೆ ಕಾಲೇಜು, ಹಾಸ್ಟೆಲುಗಳಿಗೆ ಹರಡಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರು ರಾಜೀನಾಮೆ ಕೊಟ್ಟರು. ಅದಕ್ಕೆ ವಿದ್ಯಾರ್ಥಿ ಸಂಘದ ಚುನಾವಣೆ ಕಾರಣವಲ್ಲ.

ಹತ್ತಿರದ ಕಾಲಕ್ಕೆ ಬಂದರೂ ಅಷ್ಟೇ. ಕಾವೇರಿ ನೀರಿನ ಗಲಾಟೆ ಎದ್ದಾಗಲೆಲ್ಲ ಮಂಡ್ಯದ ಸಂಜಯ್ ವೃತ್ತಕ್ಕೆ ಮೊದಲು ಬರುವವರಲ್ಲಿ ವಿದ್ಯಾರ್ಥಿಗಳು ಇರುತ್ತಾರೆ. ತಲೆ ಎಣಿಸುವಾಗ ಅವರು ಬೇಕು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಲ್ಲಿ ಮಂಡ್ಯದ ಕಾಲೇಜೊಂದರ ಅಂಗಳದ ವಿಡಿಯೊ ದೇಶವನ್ನೆಲ್ಲ ಸುತ್ತಿತು. ಆಗಲೂ ಇಲ್ಲಿ ಚುನಾವಣೆ ಇರಲಿಲ್ಲ. ಇನ್ನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಸ್ಥಳೀಯ ಶಾಸಕರೇ ಅಧ್ಯಕ್ಷರು. ಕಾಲೇಜು ಡೇ ಬ್ಯಾನರಿನಲ್ಲಿ ಪ್ರಿನ್ಸಿಪಾಲರ ಫೋಟೊಗಿಂತ ಯಾರ ಫೋಟೊ ದೊಡ್ಡದಿರುತ್ತದೆ ಎಂದು ನೋಡಿದರೆ ಸಾಕು.

ಅಂದರೆ ರಾಜಕೀಯ ಒಳಗೇ ಇದೆ. ವಿದ್ಯಾರ್ಥಿಗಳು ಪ್ರೇಕ್ಷಕರಾಗಿ, ಇಲ್ಲವೇ ಜನಸಂಖ್ಯೆಯಾಗಿ ಅದರಲ್ಲಿದ್ದಾರೆ.

ಇದರ ಪರಿಣಾಮವನ್ನು ಈಚಿನ ಎರಡು ನಿರ್ಧಾರಗಳಲ್ಲಿ ಕಾಣಬಹುದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷ. ಅಣ್ಣನದೊಂದು ಸಿಲೆಬಸ್, ತಂಗಿಯದೊಂದು ಸಿಲೆಬಸ್. ಅಣ್ಣನ ಪುಸ್ತಕ ತಂಗಿಗೆ ಬರಲಿಲ್ಲ. ಇನ್ನೊಂದು ಮಂಡ್ಯದ್ದೇ. ಅಲ್ಲಿನ ಸರ್ಕಾರಿ ಮಹಾವಿದ್ಯಾಲಯ 2019ರಲ್ಲಿ ವಿಶ್ವವಿದ್ಯಾಲಯವಾಯಿತು. 2025ರ ಫೆಬ್ರವರಿಯಲ್ಲಿ, ದುಡ್ಡಿನ ಕೊರತೆಯ ಕಾರಣಕ್ಕೆ 9 ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದ ಬಂದಾಗ ಅದರಲ್ಲಿ ಮಂಡ್ಯದ ಹೆಸರೂ ಇತ್ತು. ನಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ಹೆಸರು ಬರುತ್ತದೆ ಎಂದು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಕೇಳಿಕೊಂಡರು. ಅವರ ಪರವಾಗಿ ಮೇಜಿನ ಮುಂದೆ ಕೂತು ಕೇಳಬಲ್ಲ, ಅವರೇ ಆರಿಸಿದ ಒಬ್ಬರೂ ಇರಲಿಲ್ಲ.

ಮಧ್ಯಾಹ್ನದ ಬಸ್ಸಿನ ಲೆಕ್ಕ

ಚುನಾವಣೆ ಬಂದರೆ ನಿಲ್ಲುವವರು ಯಾರು? ಈ ಭಾಗದ ಕಾಲೇಜುಗಳ ದಿನಚರಿ ಗೊತ್ತಿಲ್ಲದೆ ಇದಕ್ಕೆ ಉತ್ತರ ಸಿಗುವುದಿಲ್ಲ.

ಮೈಸೂರು, ಮಂಡ್ಯದ ಪದವಿ ಕಾಲೇಜುಗಳಿಗೆ ಬರುವವರಲ್ಲಿ ದೊಡ್ಡ ಪಾಲು ದಿನಾ ಓಡಾಡುವವರು. ಶ್ರೀರಂಗಪಟ್ಟಣ, ನಂಜನಗೂಡು, ತಿ. ನರಸೀಪುರ, ಕೆ.ಆರ್. ಪೇಟೆ, ಮದ್ದೂರು, ಮಳವಳ್ಳಿ, ಅದರಾಚೆಗಿನ ಹಳ್ಳಿಗಳು. ಬೆಳಿಗ್ಗೆ ಮನೆ ಬಿಟ್ಟು ಎರಡು ಬಸ್ ಬದಲಿಸಿ ಬರುತ್ತಾರೆ. ಕೊನೆಯ ಪೀರಿಯಡ್ ಮುಗಿಯುವ ಮುಂಚೆಯೇ ಬ್ಯಾಗ್ ಹೆಗಲಿಗೇರುತ್ತದೆ. ಆ ಬಸ್ ತಪ್ಪಿದರೆ ಮುಂದಿನದು ಎಷ್ಟೊತ್ತಿಗೋ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ದುಡ್ಡಿನ ಚಿಂತೆ ತಪ್ಪಿತು, ದೂರದ ಕಾಲೇಜಿಗೆ ಹೋಗುವುದೂ ಸುಲಭವಾಯಿತು. ಬಸ್ಸಿನ ಸಮಯ ಮಾತ್ರ ಬದಲಾಗಲಿಲ್ಲ. ಕತ್ತಲಾಗುವ ಮುಂಚೆ ಮನೆ ಸೇರಬೇಕು ಎಂಬ ಮನೆಯವರ ಕಟ್ಟಳೆಯೂ.

ಈಗ ಕಾರಣ ಮತ್ತು ಪರಿಣಾಮ ಜೋಡಿಸಿ ನೋಡಿ. ಪ್ರಚಾರ ನಡೆಯುವುದು ತರಗತಿ ಮುಗಿದ ಮೇಲೆ. ಆಗ ಉಳಿಯುವವರು ಊರಿನಲ್ಲೇ ಮನೆ ಇರುವವರು, ಹಾಸ್ಟೆಲಿನವರು, ಬೈಕ್ ಇರುವವರು. ಅಂದರೆ ಹುಡುಗರು ಜಾಸ್ತಿ, ಊರಿನವರು ಜಾಸ್ತಿ. ಸಂಘದ ಸಭೆಗಳೂ ಸಂಜೆ ಐದಕ್ಕೆ ಸೇರಿದರೆ ಬಸ್ಸಿನವರು ಅಲ್ಲೂ ಹೊರಗೆ. ಹಾಗೆ ಗೆದ್ದ ಸಂಘ ಯಾವ ವಿಷಯಕ್ಕೆ ಹೋರಾಡುತ್ತದೆ? ಕಾಲೇಜು ಫೆಸ್ಟಿಗೆ, ಡಿಜೆಗೆ. ಬೆಳಗಿನ ಬಸ್ಸಿಗೆ ಅಲ್ಲ.

ಇದಕ್ಕೆ ಉತ್ತರ ಕಷ್ಟದ್ದೇನಲ್ಲ. ಪ್ರಚಾರಕ್ಕೆ ವೇಳಾಪಟ್ಟಿಯೊಳಗೇ ಎರಡು ಮೂರು ಪೀರಿಯಡ್ ಕೊಡಬಹುದು. ಮತದಾನ ಬೆಳಿಗ್ಗೆ ಇಡಬಹುದು. ಹುಡುಗಿಯರಿಗೂ ಪರಿಶಿಷ್ಟರಿಗೂ ಸ್ಥಾನ ಮೀಸಲಿಡಬಹುದು. ಈ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗಿದೆ. ಅಮ್ಮ ಪಂಚಾಯಿತಿ ಸದಸ್ಯೆಯಾಗಿರುವ ಮನೆಯ ಮಗಳಿಗೆ ಕಾಲೇಜಿನ ಪದಾಧಿಕಾರಿಯಾಗಲು ನಾಮಕಾವಸ್ತೆ ಅವಕಾಶ ಎಂದರೆ ಹೇಗೆ?

ಕೈಗೆ ಕೆಲಸ ಕೊಡದಿದ್ದರೆ

ನಿಜವಾದ ಗಂಟು ಅಧಿಕಾರದ್ದು. ದಾಖಲಾತಿ ರಸೀದಿಯನ್ನು ಯಾರಾದರೂ ಪೂರ್ತಿ ಓದಿದ್ದಾರಾ? ಕ್ರೀಡೆ, ವಾಚನಾಲಯ, ಮ್ಯಾಗಜಿನ್, ಸಾಂಸ್ಕೃತಿಕ ಚಟುವಟಿಕೆ ಎಂದು ಸಾಲಾಗಿ ಬಾಬ್ತುಗಳಿರುತ್ತವೆ. ಒಬ್ಬೊಬ್ಬರದ್ದು ಸಣ್ಣ ಮೊತ್ತ. ಸಾವಿರ ಜನರದ್ದು ಸೇರಿದರೆ ಸಣ್ಣದಲ್ಲ. ಮ್ಯಾಗಜಿನ್ ಶುಲ್ಕ ಕೊಟ್ಟವರು ಮ್ಯಾಗಜಿನ್ ಬರದಿದ್ದರೆ ಯಾರನ್ನು ಕೇಳಬೇಕು? ಆ ದುಡ್ಡಿನ ಲೆಕ್ಕವನ್ನು ವರ್ಷಕ್ಕೊಮ್ಮೆ ಆಯ್ಕೆಯಾದ ಸಂಘದ ಮುಂದೆ ಇಡಬೇಕು ಎಂಬ ಒಂದೇ ಸಾಲು ನಿಯಮದಲ್ಲಿ ಬಂದರೆ ಸಂಘಕ್ಕೆ ಕೆಲಸ ಸಿಗುತ್ತದೆ.

ಇನ್ನೊಂದು, ಪಾಠದ ವಿಷಯ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠ ಮಾಡುತ್ತಾರೆ. ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ. 2023ರ ಕೊನೆಯಲ್ಲಿ ಕಾಯಮಾತಿಗಾಗಿ ಅವರು ಮುಷ್ಕರ ಹೂಡಿದಾಗ ವಾರಗಟ್ಟಲೆ ಪಾಠ ನಿಂತಿತು. ಅವರ ಬೇಡಿಕೆ ಅವರ ಸಂಘ ಹೇಳಿತು, ಸರ್ಕಾರದ ಕಷ್ಟ ಸಚಿವರು ಹೇಳಿದರು. ಪಾಠ ಕಳೆದುಕೊಂಡವರ ಮಾತು ಕೇಳಿಸಲಿಲ್ಲ. ಹೀಗೆ ಪಾಠವೇ ಆಗದ ವಾರಗಳಿಗೂ ಪರೀಕ್ಷಾ ದಿನಾಂಕಕ್ಕೂ ತಾಳೆ ಹಾಕುವಂತೆ ಪಟ್ಟು ಹಿಡಿಯುವುದು ಸಂಘದ ಕೆಲಸವಾಗಬಹುದು. ಹಾಸ್ಟೆಲ್ ಊಟದ ಸಮಿತಿ, ಕುಂದುಕೊರತೆ ಸಮಿತಿ, ಕಾಲೇಜು ಅಭಿವೃದ್ಧಿ ಸಮಿತಿ, ಈ ಮೂರು ಕಡೆ ಗೆದ್ದವರಿಗೆ ಓಟಿನ ಹಕ್ಕಿರುವ ಕುರ್ಚಿ ಕೊಡಬೇಕು. ಕೊಟ್ಟರೆ ಅಭ್ಯರ್ಥಿ ಜಾತಿಯಾಚೆಗೂ ಒಂದಿಷ್ಟು ಮಾತಾಡಬೇಕಾಗುತ್ತದೆ, ಯಾಕೆಂದರೆ ವರ್ಷದ ಕೊನೆಗೆ ಲೆಕ್ಕ ಕೇಳುವವರಿರುತ್ತಾರೆ. ಕೊಡದಿದ್ದರೆ ಗೆದ್ದವರಿಗೆ ಉಳಿಯುವುದು ಹಾರ, ಪಟಾಕಿ ಮತ್ತು ಬ್ಯಾನರ್. ಆಗ ಬ್ಯಾನರ್ ಯಾರದ್ದು ದೊಡ್ಡದು ಎಂಬುದಕ್ಕೇ ಜಗಳ ಆಗುತ್ತದೆ. ಆಮೇಲೆ 'ನೋಡಿ, ಆವತ್ತೇ ಹೇಳಿದ್ವಿ' ಎಂದು ಮತ್ತೆ ನಿಲ್ಲಿಸಲಾಗುತ್ತದೆ.

ಖಾಸಗಿ ಕಾಲೇಜುಗಳು ಇದರೊಳಗೆ ಬರುತ್ತವೆಯೇ ಎನ್ನುವುದು ಇನ್ನೂ ದೊಡ್ಡ ಪ್ರಶ್ನೆ. ಮೈಸೂರಿನಲ್ಲಿ ಪದವಿ, ಎಂಜಿನಿಯರಿಂಗ್ ಓದುವವರಲ್ಲಿ ಬಹಳ ಜನ ಇರುವುದು ಖಾಸಗಿ ಸಂಸ್ಥೆಗಳಲ್ಲಿ. ಶುಲ್ಕದ ಹೊರೆ ಜಾಸ್ತಿ ಇರುವುದೂ ಅಲ್ಲೇ. ಸರ್ಕಾರಿ ಕಾಲೇಜಿಗೆ ಮಾತ್ರ ಚುನಾವಣೆ ತಂದರೆ, ಬಡವರ ಮಕ್ಕಳ ಮೇಲೆ ಪ್ರಯೋಗ ಎಂಬ ಮಾತು ಬರುವುದು ಖಂಡಿತ. ಎಲ್ಲ ಕಡೆ ತರಲು ಹೋದರೆ ಆಡಳಿತ ಮಂಡಳಿಗಳು ಕೋರ್ಟ್ ಮೆಟ್ಟಿಲು ಹತ್ತಬಹುದು.

ಇನ್ನು ಸಮಯ. ತರಗತಿ ಶುರುವಾದ 8 ವಾರದೊಳಗೆ ಚುನಾವಣೆ ಮುಗಿಯಬೇಕಾದರೆ, ದಾಖಲಾತಿ ಆರಂಭವಾಗುವ ಮೊದಲೇ ನಿಯಮ ಕಾಲೇಜು ತಲುಪಿರಬೇಕು. ದಾಖಲಾತಿಯ ಕೊನೆಯ ದಿನಾಂಕ ದಂಡ ಸಹಿತ, ದಂಡ ರಹಿತ ಎಂದು ಮುಂದೆ ಹೋಗುತ್ತಲೇ ಇರುವುದರಿಂದ ಮೊದಲ ವರ್ಷದ ಮತದಾರರ ಪಟ್ಟಿ ಆ 8 ವಾರದಲ್ಲಿ ಪೂರ್ತಿಯಾಗುವುದೇ ಅನುಮಾನ. ಮತದಾನದ ವಾರ ಮೊದಲ ಐಎ ವಾರಕ್ಕೆ ಸರಿಯಾಗಿ ಬಂದು ಕೂರುತ್ತದೆ.